ಹಿಮೋಗ್ಲೋಬಿನ್ ಹದಿನೈದೂವರೆ, ಫೆರಿಟಿನ್ ಎಂಟು

ರಾತ್ರಿ ಹನ್ನೊಂದೂವರೆಗೆ ಫ್ರೀಜರ್ ಬಾಗಿಲು ತೆಗೆದು ನಿಂತಿದ್ದೆ. ಟ್ರೇ ತಿರುಚಿದ ಸದ್ದಿಗೆ ಕೋಣೆಯೊಳಗಿಂದ ಹೆಂಡತಿಯ ದನಿ ಬಂತು: "ರೀ, ಮತ್ತೆ ಐಸಾ? ಹಲ್ಲು ಮುರ್ಕೊಂಡೀರಿ." ಅಷ್ಟರಲ್ಲಾಗಲೇ ಎರಡು ತುಂಡು ಬಾಯಲ್ಲಿದ್ದವು. ಚೀಪಿದರೆ ಸಮಾಧಾನವಿಲ್ಲ, ಕರಕರ ಅಗಿಯಲೇಬೇಕು. ಎರಡು ತಿಂಗಳಿಂದ ದಿನಕ್ಕೆ ಎರಡು ಟ್ರೇ ಖಾಲಿ ಮಾಡುತ್ತಿದ್ದೆ. ಸೆಖೆಗೆ ಹೀಗಾಗುತ್ತಿದೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗುವುದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವಾದರೆ ಕಣ್ಣು ತೂಗುವುದು, ರಾತ್ರಿ ಮಲಗಿದರೆ ಕಾಲಿನೊಳಗೆ ಇರುವೆ ಹರಿದ ಹಾಗೆ. ಟೆಸ್ಟೋಸ್ಟೆರಾನ್, ಅಂದರೆ ನಾನು ಇಂಜೆಕ್ಷನ್‌ನಲ್ಲಿ ತೆಗೆದುಕೊಳ್ಳುವ ಗಂಡಸಿನ ಹಾರ್ಮೋನು, ಸಾಲುತ್ತಿಲ್ಲ, ಡೋಸ್ ಜಾಸ್ತಿ ಮಾಡಿಸಿಕೊಳ್ಳಬೇಕು ಅಂತ ತೀರ್ಮಾನಿಸಿಬಿಟ್ಟಿದ್ದೆ. ಇಂಜೆಕ್ಷನ್ ಶುರುವಾಗುವ ಮುಂಚೆಯೂ ಇಂಥದ್ದೇ ಸುಸ್ತಿತ್ತಲ್ಲ!

ಕೆಲವು ವರ್ಷಗಳ ಹಿಂದೆ ಮಿದುಳಿನ ಬುಡದಲ್ಲಿರುವ ನನ್ನ ಪಿಟ್ಯುಟರಿ ಗ್ರಂಥಿಯಲ್ಲಿದ್ದ ಗಡ್ಡೆ ತೆಗೆದರು. ಗಡ್ಡೆಯೇನೋ ಹೋಯಿತು, ವೃಷಣಗಳಿಗೆ ಕೆಲಸ ಹೇಳಿಕಳಿಸುವ ಹಾರ್ಮೋನುಗಳೂ ಅದರ ಜೊತೆಗೇ ಹೋದವು. ಹಾಗಾಗಿ ಟೆಸ್ಟೋಸ್ಟೆರಾನ್ ನನಗೆ ಶೋಕಿಯಲ್ಲ, ಬಿಡುವ ಹಾಗೂ ಇಲ್ಲ. ಎರಡು ವಾರಕ್ಕೊಮ್ಮೆ 250 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಇಂಜೆಕ್ಷನ್. ಮೊದಲ ಆರು ತಿಂಗಳು ಹೋದ ಜೀವ ಮರಳಿ ಬಂದ ಹಾಗಿತ್ತು.

ಶುರು ಮಾಡುವಾಗ ಹೆಮಟೋಕ್ರಿಟ್ 45 ಇತ್ತು. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳದ್ದು ಎಷ್ಟು ಪಾಲು ಅನ್ನುವ ಲೆಕ್ಕ ಅದು. ನಾಲ್ಕನೇ ತಿಂಗಳಿಗೆ 50, ಒಂಬತ್ತನೇ ತಿಂಗಳಿಗೆ 54.6. ರಕ್ತ ಅಷ್ಟು ದಪ್ಪವಾದರೆ ಹೆಪ್ಪುಗಟ್ಟುವ ಭಯವಿದೆ. 54 ದಾಟಿದರೆ ಔಷಧ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸ್‌ನಲ್ಲಿ ಮತ್ತೆ ಶುರು ಮಾಡಬೇಕು ಅನ್ನುವುದು ಹಾರ್ಮೋನ್ ತಜ್ಞರು ಪಾಲಿಸುವ ನಿಯಮ. ಡಾಕ್ಟರ್ ಒಂದು ಇಂಜೆಕ್ಷನ್ ಬಿಡಿಸಿದರು, ಒಂದು ಚೀಲ ರಕ್ತ ತೆಗೆಸಿದರು, ಆಮೇಲೆ 200 ಮಿಲಿಗ್ರಾಂ ಸಾಕು ಅಂದರು. "ಮೂರು ತಿಂಗಳಿಗೆ ತಪ್ಪದೆ ಬನ್ನಿ."

ನಾನು ಹೋಗಲಿಲ್ಲ. ಬುದ್ಧಿವಂತಿಕೆ ಮಾಡಿದೆ. ಆಂಪೂಲ್‌ನಲ್ಲಿ ಬರುವುದೇ 250 ಮಿಲಿಗ್ರಾಂ. ದುಡ್ಡು ಕೊಟ್ಟು ತಂದ ಔಷಧದಲ್ಲಿ 50 ಯಾಕೆ ಚೆಲ್ಲಬೇಕು ಅಂತ ಪೂರ್ತಿ ಹಾಕಿಸಿಕೊಂಡೆ. ರಕ್ತ ಹೆಚ್ಚಾದರೆ ದಾನ ಕೊಟ್ಟರಾಯಿತು, ಯಾರಿಗಾದರೂ ಉಪಯೋಗವಾಗುತ್ತದೆ. ಫಾರಂನಲ್ಲಿ ಔಷಧದ ಹೆಸರು ಬರೆದೇ ಕೊಟ್ಟೆ. ಬ್ಲಡ್ ಬ್ಯಾಂಕಿನವರು ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿ, "ಸರ್, ಎಲ್ಲರಿಗೂ ಹೀಗಿದ್ರೆ ನಮ್ಮ ಕೆಲಸ ಸುಲಭ" ಅಂದರು. ಎದೆಯುಬ್ಬಿತು. ಹೀಗೆ ಒಂದು ವರ್ಷದಲ್ಲಿ ಮೊದಲನೆಯದೂ ಸೇರಿ ನಾಲ್ಕು ಚೀಲ.

ಡಾಕ್ಟರ ಮೇಜಿನ ಮೇಲೆ ಹಿಂದಿನ ವಾರ ಬರೆದುಕೊಟ್ಟಿದ್ದ ಪರೀಕ್ಷೆಗಳ ಎರಡು ಹಾಳೆ ಇದ್ದವು. ನನ್ನ ಕಣ್ಣು ನೇರ ಟೆಸ್ಟೋಸ್ಟೆರಾನ್ ಸಾಲಿಗೆ ಹೋಯಿತು. ನಾರ್ಮಲ್, ಅದೂ ಮೇಲಿನ ತುದಿಗೆ ಹತ್ತಿರ. ಡಾಕ್ಟರ್ ಅದನ್ನು ನೋಡಲೂ ಇಲ್ಲ. ನನ್ನ ಕೈ ಹಿಡಿದು ಉಗುರು ನೋಡಿದರು. ಹೆಬ್ಬೆರಳ ಉಗುರು ಮಧ್ಯದಲ್ಲಿ ಚಪ್ಪಟೆಯಾಗಿ, ಅಂಚು ಪದರ ಪದರವಾಗಿ ಏಳುತ್ತಿತ್ತು.

"ಐಸ್ ತಿಂತೀರಾ?"

ಈ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ, "ದಿನಕ್ಕೆ ಎರಡು ಟ್ರೇ, ಡಾಕ್ಟ್ರೇ" ಅಂದಳು. ದೂರು ಕೊಡಲು ಇಷ್ಟು ದಿನ ಕಾದಿದ್ದವಳ ಹಾಗೆ.

ಅವರು ಪೆನ್ನಿನಿಂದ ಒಂದೊಂದೇ ಅಂಕಿಗೆ ಸುತ್ತು ಹಾಕಿದರು. ಹಿಮೋಗ್ಲೋಬಿನ್ 15.6. ಹೆಮಟೋಕ್ರಿಟ್ 50. ಇಲ್ಲಿಯವರೆಗೆ ನೋಡಿದರೆ ಯಾರೂ ರಕ್ತ ಕಡಿಮೆ ಅನ್ನುವುದಿಲ್ಲ. ಆದರೆ ಕೆಂಪು ಕಣಗಳ ಎಣಿಕೆ 64 ಲಕ್ಷ, ಒಂದೊಂದು ಕಣದ ಗಾತ್ರ ಅಂದರೆ ಎಂಸಿವಿ 78. ಕಣಗಳು ಬೇಕಾದಷ್ಟಿವೆ, ಆದರೆ ಎಲ್ಲವೂ ಸಣಕಲು. ಎರಡನೇ ಹಾಳೆಯಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಬರೀ 8. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ನೂರಕ್ಕೆ ಎಷ್ಟು ಪಾಲು ತುಂಬಿದೆ ಅನ್ನುವ ಲೆಕ್ಕ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್; 20ರ ಮೇಲಿರಬೇಕಾದದ್ದು, 9.

"ಕಾರ್ಖಾನೆ ಜೋರಾಗಿ ಓಡ್ತಿದೆ, ಕಣಜ ಬರಿದಾಗಿದೆ" ಅಂದರು.

ಲೆಕ್ಕ ಅವರೇ ಬರೆದು ತೋರಿಸಿದರು. ಗಂಡಸಿನ ದೇಹದಲ್ಲಿ ಮೀಸಲಾಗಿ ಕೂತಿರುವ ಕಬ್ಬಿಣ ಸುಮಾರು ಒಂದು ಗ್ರಾಂ. ಒಂದು ಚೀಲ ರಕ್ತದ ಜೊತೆ ಹೋಗುವುದು 200ರಿಂದ 250 ಮಿಲಿಗ್ರಾಂ. ನಾಲ್ಕು ಚೀಲಕ್ಕೆ ಲೆಕ್ಕ ಚುಕ್ತಾ. ಊಟದಿಂದ ಕರುಳು ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಅದೂ ದಿನದ ಸವೆತಕ್ಕೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಇದರ ಮೇಲೆ ಟೆಸ್ಟೋಸ್ಟೆರಾನ್‌ನ ಪಾಲು ಬೇರೆ. ಕಬ್ಬಿಣದ ಬಾಗಿಲು ಕಾಯುವ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಅದು ಅಡಗಿಸುತ್ತದೆ. ಕಾವಲು ಸಡಿಲವಾದರೆ ಉಗ್ರಾಣದಲ್ಲಿದ್ದದ್ದೆಲ್ಲ ಮೂಳೆಮಜ್ಜೆಗೆ ಹರಿದು ಕೆಂಪು ಕಣಗಳಾಗುತ್ತದೆ. ನಾನು ಆ ಕಣಗಳನ್ನು ಮೂರು ತಿಂಗಳಿಗೊಮ್ಮೆ ಚೀಲದಲ್ಲಿ ತುಂಬಿ ಕೊಟ್ಟು ಬರುತ್ತಿದ್ದೆ. ಇತ್ತ ಸ್ನಾಯುವಿಗೂ ಮಿದುಳಿಗೂ ಕಬ್ಬಿಣ ಬೇಕು. ಹಿಮೋಗ್ಲೋಬಿನ್ ನೋಡಿದರೆ ಅವುಗಳ ಬಡತನ ಗೊತ್ತಾಗುವುದಿಲ್ಲ. ಸುಸ್ತು, ಕಾಲಿನ ಇರುವೆ, ಐಸಿನ ಚಪಲ, ಎಲ್ಲಕ್ಕೂ ಮೂಲ ಅಲ್ಲಿತ್ತು. ಅಂದು ಡೋಸ್ ಏರಿಸಿಕೊಂಡು ಬಂದಿದ್ದರೆ ಬರಿದಾದ ಕಣಜವನ್ನೇ ಇನ್ನಷ್ಟು ಕೆರೆಯುವ ಕೆಲಸವಾಗುತ್ತಿತ್ತು.

"ಹಾಗಾದ್ರೆ ಐರನ್ ಮಾತ್ರೆ ಕೊಡಿ" ಅಂದೆ.

"ಕೊಡ್ತೀನಿ. ಆದ್ರೆ ಇಂಜೆಕ್ಷನ್ ಹೀಗೇ ಇಟ್ಟು ಐರನ್ ಸುರಿದ್ರೆ ಮತ್ತೆ 54. ಮತ್ತೆ ನೀವು ಚೀಲ ತುಂಬೋಕೆ ಓಡ್ತೀರಿ."

ನನಗೆ ಗೊತ್ತಿಲ್ಲದೆ ಒಂದು ವರ್ಷ ಗಾಣದೆತ್ತಿನ ಹಾಗೆ ಸುತ್ತಿದ್ದೆ. ಸರಿಪಡಿಸಬೇಕಾಗಿದ್ದದ್ದು ಡೋಸ್, ನಾನು ಖಾಲಿ ಮಾಡಿದ್ದು ಕಬ್ಬಿಣ. ಎರಡು ವಾರದ ಇಂಜೆಕ್ಷನ್ ಮೊದಲ ದಿನಗಳಲ್ಲಿ ಹಾರ್ಮೋನನ್ನು ಸಿಕ್ಕಾಪಟ್ಟೆ ಏರಿಸುತ್ತದೆ. ರಕ್ತ ದಪ್ಪವಾಗುವುದು ಜೆಲ್‌ಗಿಂತ ಇಂಜೆಕ್ಷನ್‌ನಲ್ಲಿ ಹೆಚ್ಚು. ಡಾಕ್ಟರ್ ದಿನಾ ಬೆಳಿಗ್ಗೆ ಹಚ್ಚುವ ಜೆಲ್‌ಗೆ ಬದಲಾಯಿಸಿದರು. ಗೊರಕೆ ಇದೆಯಾ ಅಂತಲೂ ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೂ ಹೆಮಟೋಕ್ರಿಟ್ ಏರುತ್ತದಂತೆ. ಹೆಂಡತಿ ಮತ್ತೆ ನನಗಿಂತ ಮೊದಲೇ ಉತ್ತರ ಕೊಟ್ಟಳು. ಪರೀಕ್ಷೆಯಲ್ಲಿ ಅಂಥದ್ದೇನೂ ಸಿಗಲಿಲ್ಲ, ಬರೀ ಗೊರಕೆ. ರಕ್ತ ಪರೀಕ್ಷೆಗೆ ಬರುವ ಮುನ್ನ ಸರಿಯಾಗಿ ನೀರು ಕುಡಿದಿರಬೇಕು, ಮೈಯಲ್ಲಿ ನೀರು ಕಮ್ಮಿಯಾದರೂ ಅಂಕಿ ಮೇಲೆ ಹೋಗಿ ಸುಮ್ಮನೆ ಹೆದರಿಸುತ್ತದೆ ಅಂತಲೂ ಹೇಳಿದರು.

ಐರನ್ ಮಾತ್ರೆ ದಿನ ಬಿಟ್ಟು ದಿನ. ದಿನಾ ನುಂಗಿದರೆ ಬೇಗ ತುಂಬುವುದಿಲ್ಲವೇ ಅಂದೆ. ಒಂದು ಮಾತ್ರೆ ನುಂಗಿದರೆ ಆ ಹೆಪ್ಸಿಡಿನ್ ಎಚ್ಚೆತ್ತು ಸುಮಾರು ಒಂದು ದಿನ ಬಾಗಿಲು ಬಿಗಿ ಮಾಡುತ್ತದೆ, ಮರುದಿನದ ಮಾತ್ರೆಯಲ್ಲಿ ಹೆಚ್ಚಿನ ಪಾಲು ವ್ಯರ್ಥ ಅಂದರು. ಮಲ ಕಪ್ಪಾದದ್ದು ನೋಡಿ ಮೊದಲ ವಾರ ಗಾಬರಿಯಾದೆ; ಅದಕ್ಕೂ ಮೊದಲೇ ಎಚ್ಚರಿಸಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಐಸಿನ ಆಸೆ ಹತ್ತೇ ದಿನದಲ್ಲಿ ನಿಂತಿತು. ಸುಸ್ತು ಅಷ್ಟು ಬೇಗ ಹೋಗಲಿಲ್ಲ. ಆರನೇ ವಾರಕ್ಕೆ ಹೆಮಟೋಕ್ರಿಟ್ 52ಕ್ಕೆ ಏರಿದಾಗ ನನ್ನ ಎದೆ ಧಸಕ್ಕೆಂದಿತು, ಕಾಲು ತಾನಾಗಿ ರಕ್ತ ಕೊಡುವ ಕಡೆ ತಿರುಗಿತು. ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಮೂರು ವಾರ ನಿಲ್ಲಿಸಿ, ಜೆಲ್ ಸ್ವಲ್ಪ ಕಡಿಮೆ ಮಾಡಿ ಅಂದರು. ಐದು ತಿಂಗಳಾದ ಮೇಲೆ ಹೆಮಟೋಕ್ರಿಟ್ 49, ಫೆರಿಟಿನ್ 41. ಈಗ ಮೆಟ್ಟಿಲು ಹತ್ತುವಾಗ ಮಧ್ಯೆ ನಿಲ್ಲಬೇಕಾಗಿಲ್ಲ. ಉಗುರಿನ ಬುಡದಿಂದ ಅರ್ಧದವರೆಗೆ ಹೊಸದು, ನುಣುಪಾಗಿದೆ. ತುದಿ ಇನ್ನೂ ಹಳೆಯದೇ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಮೊನ್ನೆ ಮೊಬೈಲಿಗೆ ಸಂದೇಶ ಬಂತು. ನೀವು ಮತ್ತೆ ರಕ್ತದಾನ ಮಾಡಬಹುದಾದ ದಿನ ಬಂದಿದೆ, ದಯವಿಟ್ಟು ಬನ್ನಿ ಅಂತ. ಹೆಂಡತಿಗೆ ತೋರಿಸಿದೆ. "ಫೆರಿಟಿನ್ ಎಷ್ಟಿದೆ ಕೇಳಿ ಅವರನ್ನ" ಅಂದಳು.