6 ತಿಂಗಳ ಟಿಬಿ ಮಾತ್ರೆ

ಆ ತಾಯಿ ಮಾಗಡಿ ಕಡೆಯವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಸೌದೆ ಒಲೆ ಮುಂದೆ ಅರ್ಧ ಆಯಸ್ಸು ಕಳೆದವರು. ಕೆಮ್ಮು ಶುರುವಾದಾಗ ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡಿತ್ತು. ಕಫದಲ್ಲಿ ಟಿಬಿ ಕ್ರಿಮಿ ಸಿಗಲಿಲ್ಲ. ಆದರೂ ಟಿಬಿಯೇ ಇರಬೇಕು ಅಂತ 6 ತಿಂಗಳು ಮಾತ್ರೆ ನುಂಗಿಸಿದ್ದರು. ಬೆಂಗಳೂರಿಗೆ ನಮ್ಮ ಹತ್ತಿರ ಬರುವ ಹೊತ್ತಿಗೆ ಗಡ್ಡೆ 4 ಸೆಂಟಿಮೀಟರ್ ಆಗಿತ್ತು. ಗಡ್ಡೆಯ ಚೂರು ತೆಗೆದು ಬಯಾಪ್ಸಿ ಮಾಡಿಸಿದೆವು. ಶ್ವಾಸಕೋಶದ ಕ್ಯಾನ್ಸರ್.

ನಮ್ಮ ಒಪಿಡಿಗೆ ಇದು ಹೊಸ ಕಥೆಯಲ್ಲ. ನಮ್ಮಲ್ಲಿ ಟಿಬಿ ಜಾಸ್ತಿ, ಮೊದಲು ಅದೇ ನೆನಪಾಗುತ್ತದೆ, ಒಪ್ಪುತ್ತೇನೆ. ಆದರೆ ಕಫದಲ್ಲಿ ಏನೂ ಸಿಗಲಿಲ್ಲ, ಮಾತ್ರೆಗೆ ಮಚ್ಚೆ ಕರಗಲೂ ಇಲ್ಲ ಅಂದ ಮೇಲೆ ಮುಂದಿನ ಪರೀಕ್ಷೆ ಮಾಡಿಸಲೇಬೇಕು ಅಲ್ವಾ? ನನಗೆ ಸಂಕಟ ಆಗುವುದು ಅಲ್ಲೇ.

ಆಪರೇಷನ್ ದಿನ ಅನಸ್ತೇಷಿಯಾದವರು ಬಲಗಡೆಗೆ ಗಾಳಿ ನಿಲ್ಲಿಸಿದರು. ಶ್ವಾಸಕೋಶ ಮೆಲ್ಲಗೆ ಕುಗ್ಗಿತು. ಅದರ ಮೈಯೆಲ್ಲ ಕಪ್ಪು ಚುಕ್ಕೆ, ಒಲೆಯ ಮಸಿ. ಬಲ ಶ್ವಾಸಕೋಶದಲ್ಲಿ ಇರುವುದು 3 ಹಾಲೆ, ಅಂದರೆ 3 ದೊಡ್ಡ ಪಾಲು, ನಾವು ತೆಗೆಯಬೇಕಿದ್ದದ್ದು ಮೇಲಿನದು. ಅದಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿಯ ಕವಲುಗಳ ಗೋಡೆ ಬಹಳ ತೆಳು. ಒಂಚೂರು ಜಗ್ಗಿದರೂ ಹರಿದು ರಕ್ತ ನುಗ್ಗುತ್ತದೆ. ಎಂಎಸ್ ಮುಗಿಸಿ, ಸರ್ಜರಿಯಲ್ಲಿ ಅದರ ಮುಂದಿನ ಪದವಿ ಎಂಸಿಎಚ್ ಮಾಡುವಾಗ ನನ್ನ ಗುರುಗಳು ಪಕ್ಕದಲ್ಲೇ ನಿಂತು ಹೇಳುತ್ತಿದ್ದರು, 'ನಾಳದ ಹಿಂದುಗಡೆ ಪೂರ್ತಿ ಬಿಡಿಸಿಕೋ, ಆಮೇಲೆ ಸ್ಟೇಪ್ಲರ್ ಹಾಕು.' ನಾಳಕ್ಕೆ ಪಿನ್ನು ಹೊಡೆದು ಮುಚ್ಚುವ ಸಾಧನ ಅದು. ಎದುರಿಗಿದ್ದ ಕಿರಿಯ ಡಾಕ್ಟರಿಗೆ ನಾನೂ ಅದನ್ನೇ ಹೇಳಿದೆ. ಅವರೇ ಬಿಡಿಸಿದರು, ಚೆನ್ನಾಗಿ ಬಿಡಿಸಿದರು.

ಹಾಲೆ ಹೊರಗೆ ಬಂತು. ಸುತ್ತಲಿನ ಲಿಂಫ್ ಗಂಟುಗಳನ್ನೂ ತೆಗೆದು ಲ್ಯಾಬಿಗೆ ಕಳಿಸಿದೆವು. ಎದೆಯೊಳಗೆ ಸಲೈನ್ ತುಂಬಿ, ಶ್ವಾಸಕೋಶ ಊದಿಸಿ, ಹೊಲಿಗೆಯ ಜಾಗದಲ್ಲಿ ಗುಳ್ಳೆ ಏಳುತ್ತದಾ ಅಂತ ನೋಡಿದೆವು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡುತ್ತಾರಲ್ಲ, ಹಾಗೆ. ಗುಳ್ಳೆ ಬರಲಿಲ್ಲ.

ಜಪಾನಿನ ಸರ್ಜನ್‌ಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶ್ವಾಸಕೋಶದ ಅಂಚಿನಲ್ಲಿರುವ, 2 ಸೆಂಟಿಮೀಟರ್ ಮೀರದ ಗಡ್ಡೆಗೆ ಇಡೀ ಹಾಲೆ ತೆಗೆಯಬೇಕಿಲ್ಲ, ಅದರ ಒಂದು ಭಾಗ ತೆಗೆದರೂ ರೋಗಿಗಳು ಬದುಕುಳಿಯುವುದು ಕಡಿಮೆಯಾಗಲಿಲ್ಲ ಅಂತ ಅದರಲ್ಲಿ ಕಂಡುಬಂತು. ಅದನ್ನು ಓದಿದಾಗಿನಿಂದ ಹಳೇ ಎಕ್ಸ್‌ರೇ ಕೈಗೆ ಬಂದರೆ ಮೊದಲು ತಾರೀಖು ನೋಡುತ್ತೇನೆ. ಈ ತಾಯಿಯ ಮೊದಲ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನಿಂತಿದ್ದೆ.

ಮೂರನೇ ದಿನ ವಾರ್ಡಿನಲ್ಲಿ ಅವರು 3 ಚೆಂಡಿನ ಸ್ಪೈರೋಮೀಟರ್ ಹಿಡಿದು ಉಸಿರು ಎಳೆಯುತ್ತಿದ್ದರು. ಎರಡು ಚೆಂಡು ಮೇಲೇರಿತು. 'ಇನ್ನೊಂದು ನಾಳೆ ಎತ್ತುತೀನಿ ಡಾಕ್ಟ್ರೇ' ಅಂದರು. ಹೊರಗೆ ಮಗ ತಡೆದು ಕೇಳಿದ. 'ಸರ್, ನಮ್ಮ ದೊಡ್ಡಮ್ಮನೂ ಟಿಬಿ ಮಾತ್ರೆ ತಗೋತಿದಾರೆ, ಕೆಮ್ಮು ಹೋಗಿಲ್ಲ.'

'ಮಾತ್ರೆ ನಿಲ್ಲಿಸಬೇಡಪ್ಪ. ಕಫದ ರಿಪೋರ್ಟು, ಹಳೇ ಎಕ್ಸ್‌ರೇ ಎಲ್ಲಾ ತಗೊಂಡು ಈ ವಾರವೇ ಕರ್ಕೊಂಡು ಬಾ' ಅಂದೆ.