ಆಟಿ 18ರ ಬ್ರೌನ್ ಏಲ್

ಆಗಸ್ಟ್ 3 ಬಂತು ಅಂದ್ರೆ ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದಲೇ ಮದ್ದುಸೊಪ್ಪಿನ ವಾಸನೆ. ಕೊಡವರು ಕಕ್ಕಡ 18 ಅಂತಾರೆ, ಅರೆಭಾಷೆಯವರಾದ ನಮಗೆ ಅದು ಆಟಿ 18. ಅವತ್ತು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತೆ ಅನ್ನೋದು ನಂಬಿಕೆ. ದಂಟಿನ ಸಮೇತ ಕುದಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಪಾಯಸ ಮಾಡೋದು ಆ ನೀರಲ್ಲೇ. ಅವ್ವ ಒಂದು ಒಲೆಯಲ್ಲಿ ಅದನ್ನು ಕುದಿಸುತ್ತಿದ್ದಳು, ಪಕ್ಕದ ಒಲೆಯಲ್ಲಿ ನಾನು ಬಿಯರಿಗೆ ನೀರಿಟ್ಟಿದ್ದೆ. ಎರಡೂ ಪಾತ್ರೆ ಅಷ್ಟು ಹತ್ತಿರ ಇದ್ದರೆ ತಲೆ ಸುಮ್ನಿರುತ್ತಾ?

ಕೊಡಗಿನ ಮನೆಗಳಲ್ಲಿ ವೈನ್ ಹಾಕೋದು ಹೊಸದೇನಲ್ಲ. ಬಿಯರ್ ಮಾತ್ರ ನನ್ನೊಬ್ಬನ ಹುಚ್ಚು. ಅದಕ್ಕೆ ಮಳೆಗಾಲವೇ ಸರಿ, ಯಾಕಂದ್ರೆ ಏಲ್ ಅನ್ನೋ ಬಗೆಯ ಬಿಯರಿನ ಇಂಗ್ಲಿಷ್ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು, ಮಡಿಕೇರಿ ಕಡೆ ಆಟಿ ತಿಂಗಳಲ್ಲಿ ನಮ್ಮ ಉಗ್ರಾಣವೇ ಅಷ್ಟು ತಣ್ಣಗಿರುತ್ತದೆ. ಫ್ರಿಜ್ ಬೇಡ, ಏನೂ ಬೇಡ. ಬಟ್ಟೆ ಒಣಗದ ಹವೆಯಿಂದ ಅಷ್ಟಾದರೂ ಉಪಕಾರ ಆಗಲಿ.

ಹಿಂದಿನ ಸಲ ಕೆಟ್ಟಿದ್ದು ಕಾಚಂಪುಳಿಯಿಂದ, ಅಂದ್ರೆ ಹುಳಿ ಹಣ್ಣಿನ ರಸ ಬತ್ತಿಸಿ ಮಾಡುವ ನಮ್ಮ ಕೊಡಗಿನ ಮಂದ ಹುಳಿಯಿಂದ. ಕಪ್ಪಗಿನ ಬಿಯರು, ಕಪ್ಪಗಿನ ಹುಳಿ, ಒಳ್ಳೆ ಜೋಡಿ ಅಂದುಕೊಂಡು ಕುದಿಯುವಾಗಲೇ ಎರಡು ದೊಡ್ಡ ಚಮಚ ಸುರಿದಿದ್ದೆ. ಒಂದು ಗಂಟೆ ಕುದ್ದ ಮೇಲೆ ಅದರ ಹೊಗೆಯಂಥ ಪರಿಮಳ ಎಲ್ಲ ಹೋಗಿ ಬರೀ ಹುಳಿ ಉಳಿಯಿತು. ಅವ್ವ ಒಂದು ಗುಟುಕು ಕುಡಿದು, "ಹಂದಿ ಸಾರಿಗೆ ಯಾರಾದ್ರೂ ಮೊದಲೇ ಕಾಚಂಪುಳಿ ಹಾಕ್ತಾರಾ? ಇಳಿಸೋ ಹೊತ್ತಿಗಲ್ವಾ ಹಾಕೋದು?" ಅಂದಳು. ನಾಲ್ಕು ದಿನ ಕೂತು ಓದಿದ್ದಕ್ಕಿಂತ ಆ ಒಂದು ಮಾತು ಜಾಸ್ತಿ ಕೆಲಸಕ್ಕೆ ಬಂತು.

ಹಾಗಾಗಿ ಈ ಸಲ ಬುಡ ಸರಳವಾಗಿಟ್ಟೆ. 10 ಲೀಟರಿಗೆ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 1.7 ಕೆಜಿ, ಕ್ರಿಸ್ಟಲ್ ಮಾಲ್ಟ್ 200 ಗ್ರಾಂ, ಚಾಕೊಲೇಟ್ ಮಾಲ್ಟ್ 100 ಗ್ರಾಂ. ಚಾಕೊಲೇಟ್ ಅಂದ್ರೆ ತಿನ್ನೋ ಚಾಕೊಲೇಟ್ ಅಲ್ಲ, ಕಾಫಿ ಬೀಜದ ಹಾಗೆ ಕಪ್ಪಗೆ ಹುರಿದ ಮಾಲ್ಟು. 67 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆಸಿ ಸೋಸಿದೆ. ಕುದಿ ಬಂದಾಗ ಬಿಯರಿಗೆ ಕಹಿ ಕೊಡುವ ಹೂವು, ಗೋಲ್ಡಿಂಗ್ಸ್ ಹಾಪ್ಸ್, 20 ಗ್ರಾಂ. ಕೊನೆಗೆ ಸಾಗರದಿಂದ ತಂದಿದ್ದ ಜೋನಿ ಬೆಲ್ಲ ಕಾಲು ಕೆಜಿ. ಬೆಲ್ಲ ಹಾಕಿದರೆ ಸಿಹಿಯಾಗುತ್ತೆ ಅಂತ ನಾನೂ ನಂಬಿದ್ದೆ. ಆಗಲ್ಲ. ಬೆಲ್ಲದ ಸಕ್ಕರೆಯನ್ನು ಯೀಸ್ಟು ಪೂರ್ತಿ ತಿಂದು ಮುಗಿಸುತ್ತದೆ, ನಮಗೆ ಉಳಿಯೋದು ಪರಿಮಳ ಮಾತ್ರ, ಬಿಯರು ಇನ್ನೂ ಸ್ವಲ್ಪ ತೆಳ್ಳಗೇ ಆಗುತ್ತದೆ. ಬಾಯಿಗೆ ಸಿಗುವ ಸಿಹಿ ಕ್ರಿಸ್ಟಲ್ ಮಾಲ್ಟಿನದ್ದು.

ಇಳಿಸುವ ಐದು ನಿಮಿಷ ಮುಂಚೆ ಅರ್ಧ ಭಾಗವನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅವ್ವನ ನೇರಳೆ ನೀರು ಎರಡು ಲೋಟ ಅದಕ್ಕೆ ಸೇರಿಸಿದೆ. "ಪಾಯಸಕ್ಕೆ ಉಳಿಸೋ" ಅಂತ ಬೈದಳು. ಬಣ್ಣ ನೋಡೋಣ ಅಂತ ದೀಪಕ್ಕೆ ಹಿಡಿದರೆ ಕಂದು ಬಣ್ಣದೊಳಗೆ ನೇರಳೆ ಕಾಣಲೇ ಇಲ್ಲ. ವಾಸನೆ ಮಾತ್ರ ಇಡೀ ಪಾತ್ರೆಯನ್ನು ಹಿಡಿದುಕೊಂಡಿತ್ತು.

ಎರಡಕ್ಕೂ ಯೀಸ್ಟ್ ಹಾಕಿಟ್ಟು ಮೂರು ವಾರ ಕಳೆದ ಮೇಲೆ, ಬಾಟಲಿಗೆ ತುಂಬುವ ಮುಂಚೆ, ಸೊಪ್ಪು ಹಾಕದ ಅರ್ಧದಿಂದ ಮೂರು ಗಾಜಿನ ಲೋಟಕ್ಕೆ 100 ಮಿಲಿಯಂತೆ ಅಳೆದೆ. ಔಷಧಿ ಅಂಗಡಿಯ 1 ಮಿಲಿ ಸಿರಿಂಜಲ್ಲಿ ಕಾಚಂಪುಳಿ ಎಳೆದು ಒಂದಕ್ಕೆ 0.1, ಇನ್ನೊಂದಕ್ಕೆ 0.2, ಮತ್ತೊಂದಕ್ಕೆ 0.3. ಕಾಚಂಪುಳಿ ಎಷ್ಟು ಮಂದ ಅಂದ್ರೆ ಸೀದಾ ತಳಕ್ಕಿಳಿದು ದಾರದ ಹಾಗೆ ಕೂರುತ್ತಿತ್ತು, ಚಮಚದಲ್ಲಿ ಕಲಕಲೇಬೇಕು. ಮೊದಲನೆಯದರಲ್ಲಿ ಏನೂ ಗೊತ್ತಾಗಲಿಲ್ಲ. ಮೂರನೆಯದು ಮತ್ತೆ ಹಳೇ ಕಥೆ. ನಡುವಿನದನ್ನು ಕುಡಿದಾಗ ಹುರಿದ ಮಾಲ್ಟಿನ ಕಹಿಯ ಹಿಂದೆ ಒಣಗಿಸಿದ ಹಣ್ಣಿನಂಥ ಹುಳಿ ಬಂದು, ನಿಲ್ಲದೆ ಹೋಯಿತು. ಅವ್ವನೂ ಅದೇ ಲೋಟ ಎತ್ತಿದಳು. ಅಂದ್ರೆ 5 ಲೀಟರಿಗೆ 10 ಮಿಲಿ. ಎರಡು ದೊಡ್ಡ ಚಮಚ ಎಲ್ಲಿ, ಇದೆಲ್ಲಿ!

ಸೊಪ್ಪಿನ ಬಿಯರು ನನಗಂತೂ ಹಿಡಿಸಲಿಲ್ಲ. ಹಾಪ್ಸಿಗೂ ಅದಕ್ಕೂ ಜಗಳ, ಗಂಟಲಲ್ಲಿ ಕಷಾಯ. ಆದರೂ ಚೆಲ್ಲೋಕೆ ಮನಸ್ಸು ಬರದೆ ಅದನ್ನೂ ತುಂಬಿ, ಬಾಟಲಿಯೊಳಗೆ ಗ್ಯಾಸ್ ಹುಟ್ಟಲಿ ಅಂತ ಲೀಟರಿಗೆ 6 ಗ್ರಾಂ ಸಕ್ಕರೆ ಲೆಕ್ಕದಲ್ಲಿ ಸೇರಿಸಿ ಮುಚ್ಚಳ ಹಾಕಿಟ್ಟೆ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬಂದ ಮಾವ ಎರಡನ್ನೂ ರುಚಿ ನೋಡಿದರು, ಕಾಚಂಪುಳಿಯದ್ದನ್ನು ಪಕ್ಕಕ್ಕಿಟ್ಟು ಸೊಪ್ಪಿನದ್ದನ್ನೇ ಮೂರು ಬಾಟಲಿ ಮುಗಿಸಿದರು. ಆಟಿ 18ರ ಪಾಯಸ ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತೆ, ಮದ್ದು ಮೈಗೆ ಹತ್ತಿದ್ದಕ್ಕೆ ಅದೇ ಸಾಕ್ಷಿ ಅಂತ ಹಿರಿಯರ ಲೆಕ್ಕ. ಬೆಳಿಗ್ಗೆ ಮಾವ ಬಚ್ಚಲಿಂದ ಮುಖ ಸಿಂಡರಿಸಿಕೊಂಡೇ ಬಂದರು.

"ಬಣ್ಣವೇ ಬರಲಿಲ್ಲ ಮಾರಾಯ. ಸೊಪ್ಪು ಕಮ್ಮಿ ಹಾಕಿದ್ದೀಯ ನೀನು."