ಜೋಮಿಗೆ ಕಾಯಬಹುದು, ಜೋಲುವ ಪಾದಕ್ಕೆ ಕಾಯಬಾರದು

ದಾವಣಗೆರೆಯಲ್ಲಿ ನರದ ಟೆಸ್ಟ್ ಮಾಡುವ ಟೆಕ್ನಿಷಿಯನ್ ನಾನು. ಜನರ ಬಾಯಲ್ಲಿ ಇದು 'ಕರೆಂಟ್ ಟೆಸ್ಟ್': ಸಣ್ಣ ಕರೆಂಟ್ ಕೊಟ್ಟು ನರ ಅದನ್ನು ಸಾಗಿಸುತ್ತದಾ ಅಂತ ನೋಡುವುದು. ವೆರಿಕೋಸ್ ವೇನ್, ಅಂದರೆ ಕಾಲಲ್ಲಿ ಉಬ್ಬಿದ ರಕ್ತನಾಳದ ಆಪರೇಷನ್ ಆದ ಮೇಲೆ ಕಾಲು ಜೋಮು ಅಂತ ಬರುವವರಲ್ಲಿ ದಿನವಿಡೀ ನಿಂತು ದುಡಿಯುವವರೇ ಜಾಸ್ತಿ. ಹೋಟೆಲ್ ಭಟ್ಟರು, ಕಂಡಕ್ಟರ್‌ಗಳು, ಟೀಚರ್‌ಗಳು.

ನಾನು ಮೊದಲು ಕೊಡುವುದು ಕರೆಂಟ್ ಅಲ್ಲ, ಪೆನ್ನು. "ಎಲ್ಲೆಲ್ಲಿ ಜೋಮು ಐತೋ ಅಲ್ಲಿ ನೀವೇ ಗೆರೆ ಎಳೀರಿ" ಅನ್ನುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗೆರೆ ಮೊಣಕಾಲಿನ ಕೆಳಗೆ ಒಳಮಗ್ಗುಲಲ್ಲಿ ಇಳಿದು ಪಾದದ ಒಳಅಂಚಿಗೆ ಬಂದರೆ ಸಫೀನಸ್ ನರದ ಮೇಲೆ ಅನುಮಾನ. ಮೊಣಕಾಲಿನಿಂದ ಕೆಳಗೆ ಅದು ಈ ಆಪರೇಷನ್‌ನಲ್ಲಿ ತೆಗೆಯುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡೇ ಸಾಗುತ್ತದೆ. ಪಾದದ ಗಂಟಿನವರೆಗೆ ರಕ್ತನಾಳ ಎಳೆದು ತೆಗೆದರೆ ನರಕ್ಕೂ ಪೆಟ್ಟು ಬೀಳುವ ಭಯ ಹೆಚ್ಚು. ರಕ್ತನಾಳವನ್ನು ಲೇಸರ್‌ನಿಂದ ಸುಟ್ಟು ಮುಚ್ಚಿದರೆ ಆ ಬಿಸಿ ನರಕ್ಕೆ ತಾಗುವ ಭಯ. ಗೆರೆ ಪಾದದ ಹೊರಅಂಚಿನಲ್ಲಿ ಕಿರುಬೆರಳಿನ ಕಡೆ ಹೋದರೆ ಸೂರಲ್ ನರ. ಇವೆರಡೂ ಸ್ಪರ್ಶದ ನರಗಳು. ಪೆಟ್ಟಾದರೆ ಜೋಮು, ಉರಿ ಇರುತ್ತದೆ. ಕಾಲಿನ ಬಲ ಹೋಗುವುದಿಲ್ಲ.

ಹೊನ್ನಾಳಿ ಕಡೆಯ ಒಬ್ಬ ದೋಸೆ ಭಟ್ಟರು ಬಂದಿದ್ದರು. "ಅಕ್ಕಾ, ಮುಟ್ಟಿದ್ರೆ ಗೊತ್ತಾಗಲ್ಲ, ಪಂಚೆ ತಾಗಿದ್ರೆ ಮಾತ್ರ ಉರಿ ಕಿತ್ಕೊಂಡು ಬರ್ತೈತೆ!" ಆಪರೇಷನ್ ಆಗಿ ವಾರ ಕೂಡ ಆಗಿರಲಿಲ್ಲ. ನಮ್ಮ ಡಾಕ್ಟರನ್ನು ಕೇಳಿ ವಾಪಸ್ ಕಳಿಸಿದೆ. ಜೊತೆಗೆ ಬಂದಿದ್ದ ಮಗನಿಗೆ ಸಿಟ್ಟು, ಬಸ್ ಚಾರ್ಜ್ ದಂಡ ಅಲ್ವಾ? ಆದರೆ ನರ ಕತ್ತರಿಸಿ ಹೋಗಿದ್ದರೂ ಅದರ ಕೆಳಗಿನ ತುಂಡು ಸುಮಾರು 10 ದಿನ ಕರೆಂಟ್ ಸಾಗಿಸುತ್ತಲೇ ಇರುತ್ತದೆ. ಅವತ್ತೇ ಮಾಡಿದ್ದರೆ ರಿಪೋರ್ಟ್ ಸುಮ್ನೆ 'ನಾರ್ಮಲ್' ಅಂತ ಬರಬಹುದಿತ್ತು. ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಇಎಂಜಿಗಂತೂ ಸುಮಾರು 3 ವಾರ ಆಗಬೇಕು.

ಮತ್ತೆ ಬಂದಾಗ ಮೊದಲು ಚೆನ್ನಾಗಿರುವ ಕಾಲಿಗೆ ಟೆಸ್ಟ್ ಮಾಡಿದೆ. ಇದನ್ನು ಬಿಡಲೇಬಾರದು. ಕರೆಂಟ್ ಕೊಟ್ಟಾಗ ಪರದೆ ಮೇಲೆ ಮೂಡುವ ಸಫೀನಸ್ ನರದ ಅಲೆ ತುಂಬ ಸಣ್ಣದು. ವಯಸ್ಸಾದವರಲ್ಲಿ, ಊದಿದ ಕಾಲಲ್ಲಿ ಸಿಗುವುದೇ ಕಷ್ಟ. ಎರಡೂ ಕಡೆ ಸಿಗದಿದ್ದರೆ ಆಪರೇಷನ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಭಟ್ಟರ ಬಲಗಾಲಲ್ಲಿ ಅಲೆ ಬಂತು, ಎಡಗಾಲಲ್ಲಿ ಇಲ್ಲ. ಡಾಕ್ಟರು ಗಾಯದ ಹತ್ತಿರ ಬೆರಳಿನಿಂದ ತಟ್ಟಿದರೆ ಪಾದದವರೆಗೆ ಝುಂ ಅಂತು. ನರ ಮತ್ತೆ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳುಗಟ್ಟಲೆ ಕಾಯಬೇಕು ಅಂತ ಅವರಿಗೂ ಮಗನಿಗೂ ಬಿಡಿಸಿ ಹೇಳಿದರು.

ಪಾದವೇ ಮೇಲೇಳದಿದ್ದರೆ ಕಥೆ ಬೇರೆ. ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತದೆ, ಚಪ್ಪಲಿ ತಾನೇ ಕಳಚುತ್ತದೆ. "ಆಪರೇಷನ್ ಆಗೈತಲ್ಲ, ನಿಶ್ಶಕ್ತಿ" ಅಂತ ಮನೆಯವರು ಎಳನೀರು ಕುಡಿಸಿ ಮಲಗಿಸಿರುತ್ತಾರೆ. ಮೊಣಕಾಲಿನ ಹೊರಬದಿಯ ಮೂಳೆಯನ್ನು ಸುತ್ತಿ ಹೋಗುವ ಪೆರೋನಿಯಲ್ ನರಕ್ಕೆ ಪೆಟ್ಟಾದಾಗ ಹೀಗಾಗುತ್ತದೆ. ಬಿಗಿಯಾಗಿ ಸುತ್ತಿದ ಬ್ಯಾಂಡೇಜ್ ಒತ್ತಿದರೂ ಸಾಕು. ಹಾಗಾಗಿ ಟೆಸ್ಟಿನ ದಿನ ಬರಲಿ ಅಂತ ಕೂರದೆ ಸರ್ಜನ್‌ಗೆ ಅವತ್ತೇ ತೋರಿಸಬೇಕು. ಪಾದವನ್ನು ಒಳಕ್ಕೆ ತಿರುಗಿಸಲೂ ಬಲವಿಲ್ಲದಿದ್ದರೆ ಡಾಕ್ಟರು ಸೊಂಟದ ಕಡೆ ನೋಡುತ್ತಾರೆ. ಡಿಸ್ಕ್ ಜಾರಿ ನರ ಒತ್ತಿದರೂ ಪಾದ ಜೋಲುತ್ತದೆ. ಪೆಟ್ಟು ಪೆರೋನಿಯಲ್ ನರದ್ದೋ ಸೊಂಟದ್ದೋ ಅಂತ ಬೇರೆ ಮಾಡಲು ಸೂಜಿ ಟೆಸ್ಟ್ ಬೇಕಾಗುತ್ತದೆ. ಅದು ನೋಯುತ್ತದೆ, ನಾನು ಮೊದಲೇ ಹೇಳಿಬಿಡುತ್ತೇನೆ.